ಸೊನ್ನೆ ಎಂಟು ಒಂದು ಮೂರು ಒಂಬತ್ತು

ತುಮಕೂರಿನಿಂದ ಅರಸೀಕೆರೆ ಕಡೆಗೆ ಹೊರಟ ಪ್ಯಾಸೆಂಜರ್ ರೈಲು ಗುಬ್ಬಿ, ನಿಟ್ಟೂರು ದಾಟಿ ಅಮ್ಮಸಂದ್ರದಲ್ಲಿ ನಿಲ್ಲುತ್ತದೆ. ಸಿಮೆಂಟ್ ಕಾರ್ಖಾನೆಯಿಂದ ಹೆಸರಾದ ಊರು. ಅಲ್ಲಿಂದ ಬಾಣಸಂದ್ರ, ಆಮೇಲೆ ತಿಪಟೂರು. ಕಿಟಕಿಯಾಚೆ ಉದ್ದಕ್ಕೂ ಅದೇ ತೆಂಗಿನ ತೋಟ. ಒಂದು ತಾಲ್ಲೂಕು ಮುಗಿದು ಇನ್ನೊಂದು ಶುರುವಾದದ್ದು ಕಣ್ಣಿಗೆ ತಿಳಿಯುವುದೇ ಇಲ್ಲ. ಟೆಲಿಫೋನಿಗೆ ಮಾತ್ರ ಅದು ಗೊತ್ತು. ತುಮಕೂರು 0816, ಗುಬ್ಬಿ 08131, ಅಮ್ಮಸಂದ್ರ ಸೇರಿದ ತುರುವೇಕೆರೆ ತಾಲ್ಲೂಕು 08139, ತಿಪಟೂರು 08134, ಅರಸೀಕೆರೆ 08174. ಒಂದೇ ರೈಲು ದಾರಿಯಲ್ಲಿ ಐದು ಎಸ್‌ಟಿಡಿ ಕೋಡು.

ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕು. ಜಿಲ್ಲಾ ಕೇಂದ್ರಕ್ಕೆ 0816 ಕೊಟ್ಟ ಮೇಲೆ ಉಳಿದದ್ದು ಒಂಬತ್ತು. ಅವು 0813ರ ಮುಂದೆ ಒಂದರಿಂದ ಒಂಬತ್ತರವರೆಗೆ ಸಾಲಾಗಿ ಕೂತಿವೆ: ಗುಬ್ಬಿ 1, ಕುಣಿಗಲ್ 2, ಚಿಕ್ಕನಾಯಕನಹಳ್ಳಿ 3, ತಿಪಟೂರು 4, ಶಿರಾ 5, ಪಾವಗಡ 6, ಮಧುಗಿರಿ 7, ಕೊರಟಗೆರೆ 8, ತುರುವೇಕೆರೆ 9. ಪಂಕ್ತಿಯಲ್ಲಿ ಎಲೆ ಹಾಕಿದಷ್ಟು ಅಚ್ಚುಕಟ್ಟು. ಇಡೀ ದೇಶವನ್ನು ಹೀಗೆ ಹೆಚ್ಚುಕಡಿಮೆ ತಾಲ್ಲೂಕಿನಷ್ಟು ದೊಡ್ಡ ಸುಮಾರು 2,600 ಘಟಕಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಕೋಡು ಕೊಡಲಾಗಿದೆ.

ಈ ವ್ಯವಸ್ಥೆಯ ಜೀವಾಳ ಒಂದು ಸರಳ ಲೆಕ್ಕ. ಮೊದಲ ಸೊನ್ನೆ ಬಿಟ್ಟು, ಊರಿನ ಕೋಡು ಮತ್ತು ಮನೆಯ ನಂಬರು ಎರಡೂ ಸೇರಿ ಹತ್ತು ಅಂಕಿ ಆಗಬೇಕು. ಬೆಂಗಳೂರಿನ ಕೋಡು 80, ಎರಡೇ ಅಂಕಿ; ನಂಬರಿಗೆ ಎಂಟು ಉಳಿಯಿತು. ತುಮಕೂರಿಗೆ ಮೂರು ಮತ್ತು ಏಳು. ತುರುವೇಕೆರೆಗೆ ನಾಲ್ಕು ಮತ್ತು ಆರು. 2ರಿಂದ ಶುರುವಾಗುವ ಆರಂಕಿಯ ನಂಬರುಗಳು ಒಂದು ಲಕ್ಷ. ಅದೇ ಎಂಟಂಕಿಯಾದರೆ ಒಂದು ಕೋಟಿ. ಕಾಗದ ಬರೆಯುವಾಗಲೂ ಹೀಗೆಯೇ ಅಲ್ಲವೇ? ಬೆಂಗಳೂರು ಎಂದರೆ ಊರಿನ ಹೆಸರು ಮುಗಿಯಿತು, ಆದರೆ ಅಲ್ಲಿ ಮನೆ ಹುಡುಕಲು ಕ್ರಾಸು, ಮೇನು, ಬಡಾವಣೆ ಎಲ್ಲ ಬೇಕು. ನಮ್ಮ ಕಡೆಯ ಹಳ್ಳಿಗೆ ತಾಲ್ಲೂಕು, ಜಿಲ್ಲೆ ಎಲ್ಲ ಬರೆಯಬೇಕು. ಊರು ಮುಟ್ಟಿತೆಂದರೆ ಹೆಸರು ಹೇಳಿದರೆ ಸಾಕು, ಮನೆ ಸಿಗುತ್ತದೆ. ಊರು ದೊಡ್ಡದೋ ಚಿಕ್ಕದೋ, ಎಲ್ಲರಿಗೂ ಅಳೆದು ಕೊಟ್ಟದ್ದು ಹತ್ತೇ ಅಂಕಿ.

ಮೊದಲ ಸೊನ್ನೆ ಯಾವ ಊರಿಗೂ ಸೇರಿದ್ದಲ್ಲ. ಅದು ಊರಬಾಗಿಲು. ಸೊನ್ನೆ ಒತ್ತಿದರೆ ಕರೆ ಹೊರಗಿನದು ಎಂದು ಎಕ್ಸ್‌ಚೇಂಜಿಗೆ ತಿಳಿಯುತ್ತದೆ. ಮುಂದಿನ 8 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆ. 81 ಎಂದರೆ ಕೋಲಾರದಿಂದ ಶಿವಮೊಗ್ಗದವರೆಗಿನ ಸೀಮೆ. 813 ಎಂದರೆ ತುಮಕೂರಿನ ತಾಲ್ಲೂಕುಗಳು. 9 ಬಿದ್ದ ಕೂಡಲೇ ತುರುವೇಕೆರೆ.

ಚಕ್ರ ತಿರುಗಿಸುವ ಫೋನು ಬಳಸಿದವರಿಗೆ ಇದು ಬೆರಳಿಗೇ ಗೊತ್ತಿತ್ತು. ಅಂಕಿಯ ತೂತಿಗೆ ಬೆರಳಿಟ್ಟು ತಡೆಯವರೆಗೂ ತಿರುಗಿಸಿ ಬಿಟ್ಟರೆ, ಚಕ್ರ ಕಿರ್ರೆಂದು ಹಿಂದಕ್ಕೆ ಬರುವಾಗ ತಂತಿಯಲ್ಲಿ ವಿದ್ಯುತ್ತು ಕಡಿದು ಕಡಿದು ಹರಿಯುತ್ತಿತ್ತು. ಮೂರಕ್ಕೆ ಮೂರು ಸಲ, ಒಂಬತ್ತಕ್ಕೆ ಒಂಬತ್ತು, ಸೊನ್ನೆಗೆ ಹತ್ತು. ಎಕ್ಸ್‌ಚೇಂಜಿನ ಯಂತ್ರ ಆ ಮಿಡಿತಗಳನ್ನು ಎಣಿಸಿ ದಾರಿ ಕೂಡಿಸುತ್ತಿತ್ತು.

ಅದಕ್ಕೂ ಮುಂಚೆ ದಾರಿ ಕೂಡಿಸುತ್ತಿದ್ದವರು ಮನುಷ್ಯರು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಫೋನಿನ ಪಕ್ಕ ಕಾಯಬೇಕಿತ್ತು. ಆತುರವಿದ್ದವರಿಗೆ ಅರ್ಜೆಂಟ್, ಇನ್ನೂ ಆತುರದವರಿಗೆ ಲೈಟ್ನಿಂಗ್. ಆಪರೇಟರಿಲ್ಲದೆ ನೇರವಾಗಿ ಪರ ಊರಿಗೆ ಡಯಲ್ ಮಾಡುವ ಸೌಲಭ್ಯ ಭಾರತದಲ್ಲಿ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಹಳ್ಳಿಗಳಿಗೆ ಅದು ತಲುಪಲು ಇನ್ನೂ ಕಾಲ ಹಿಡಿಯಿತು. ಧೂಳು, ಸೆಕೆ ತಡೆದುಕೊಂಡು ಏರ್ ಕಂಡೀಷನ್ ಇಲ್ಲದೆಯೂ ನಡೆಯುವ ಸಣ್ಣ ಎಕ್ಸ್‌ಚೇಂಜ್ ಬೇಕಿತ್ತು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಅಂಥದ್ದನ್ನು ರೂಪಿಸಿ, 1986ರಲ್ಲಿ ಮೊದಲು ಹೂಡಿದ್ದು ನಮ್ಮದೇ ಕಿತ್ತೂರಿನಲ್ಲಿ. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಉಂಡೆ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುವ ಮಾಲು. ಅಲ್ಲಿನ ಧಾರಣೆ ಕೇಳಲು ಈ ಸೀಮೆಯ ವ್ಯಾಪಾರಿಗಳಿಗೆ ದೆಹಲಿಯ 011 ಬೇಕಾಗುತ್ತಿತ್ತು.

ತಿಪಟೂರಿನಲ್ಲಿ ಕೊಬ್ಬರಿ ಮಂಡಿಯೊಂದರ ಹಳೆಯ ಬೋರ್ಡನ್ನು ನಾನು ನೋಡಿದ್ದೇನೆ. ನೀಲಿ ಬಣ್ಣದ ಐದಂಕಿಯ ನಂಬರು, ಅದರ ಎಡಕ್ಕೆ ಇಕ್ಕಟ್ಟಿನಲ್ಲಿ ಬೇರೆ ಕೈ, ಬೇರೆ ಬಣ್ಣದಲ್ಲಿ ಬರೆದ 2. ಅದು 2002–03ರ ಸುಮಾರಿನ ಗುರುತು. ಖಾಸಗಿ ಕಂಪನಿಗಳೂ ಸ್ಥಿರ ದೂರವಾಣಿಗೆ ಬಂದಾಗ ಯಾರ ನಂಬರು ಯಾರದೆಂದು ಬೇರ್ಪಡಿಸಬೇಕಾಯಿತು. ಬಿಎಸ್‌ಎನ್‌ಎಲ್ ನಂಬರುಗಳ ಮುಂದೆ 2 ಸೇರಿತು. ದೇಶದ ದೊಡ್ಡ ತೀರ್ಮಾನವೊಂದನ್ನು ಊರಿನ ಪೇಂಟರು ಏಣಿ ಹತ್ತಿ ಬರೆದು ಜಾರಿಗೆ ತಂದಿದ್ದರು.

ಕೋಡುಗಳು ಭಾಷೆಯನ್ನಲ್ಲ, ರಾಜ್ಯದ ಗಡಿಯನ್ನು ಅನುಸರಿಸುತ್ತವೆ. ಮಂಗಳೂರು 0824, ಕನ್ನಡಿಗರು ತಲೆಮಾರುಗಳಿಂದ ಬಾಳುತ್ತಿರುವ ಪಕ್ಕದ ಕಾಸರಗೋಡು ಕೇರಳದ ಸಾಲಿಗೆ ಸೇರಿ 04994. ದೇಶಗಳಿಗೂ ಹೀಗೆಯೇ ಸಾಲುಂಟು: ಭಾರತ 91, ಪಾಕಿಸ್ತಾನ 92, ಶ್ರೀಲಂಕಾ 94. ಅಮೆರಿಕದಿಂದ ಊರಿಗೆ ಫೋನ್ ಮಾಡುವ ಮಗಳು 91 ಒತ್ತಿ, ಸೊನ್ನೆ ಬಿಟ್ಟು 8139 ಒತ್ತಬೇಕು. ದೇಶದ ಕೋಡಿನ ಜೊತೆಗೇ ಒಳಗೆ ಬಂದವಳಿಗೆ ಊರಬಾಗಿಲಿನ ಸೊನ್ನೆ ಏಕೆ?

ಮೊಬೈಲು ಈ ಭೂಗೋಳವನ್ನು ಸಡಿಲಿಸಿತು. 9448 ಎಂದರೆ ಕರ್ನಾಟಕದ ಬಿಎಸ್‌ಎನ್‌ಎಲ್ ಎಂದು ಹೇಳಬಹುದಿತ್ತು, ತಾಲ್ಲೂಕು ಹೇಳಲಾಗುತ್ತಿರಲಿಲ್ಲ. 2011ರ ಜನವರಿಯಲ್ಲಿ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸುವ ಅನುಕೂಲ ದೇಶಕ್ಕೆಲ್ಲ ಬಂದ ಮೇಲೆ ಕಂಪನಿಯ ಗುರುತೂ ಹೋಯಿತು. 2021ರ ಜನವರಿಯಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲೂ ಸೊನ್ನೆ ಬೇಕು. ಸ್ಥಿರ ದೂರವಾಣಿಗಳ ನಡುವೆ ಪಕ್ಕದ ಮನೆಗಾದರೂ ಸೊನ್ನೆ, ಕೋಡು ಸಮೇತ ಪೂರ್ತಿ ನಂಬರೇ ಒತ್ತುವ ಕ್ರಮ ಬರಲಿ ಎಂದು 2025ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಶಿಫಾರಸು ಮಾಡಿದೆ. ನಂಬರುಗಳ ಕೊರತೆ ನೀಗಲು ಅದು ಬೇಕಾದದ್ದೇ.

ಆದರೂ ಮನೆಯ ಮಕ್ಕಳಿಗೆ ಪಿನ್‌ಕೋಡು ಕಲಿಸುವ ಹಾಗೆ ಈ ಐದು ಅಂಕಿಯನ್ನೂ ಕಲಿಸಬೇಕು ಎನ್ನುತ್ತೇನೆ. ರಾಜ್ಯ, ಸೀಮೆ, ಜಿಲ್ಲೆ, ತಾಲ್ಲೂಕು ಎಂದು ಒಂದೊಂದೇ ಅಂಕಿ ಹಿಡಿದು ನಡೆದರೆ, ಕೊನೆಯ ಒಂಬತ್ತಕ್ಕೆ ಅಮ್ಮಸಂದ್ರದ ಫೋನು ಒಂದು ಕೂಗಳತೆಯಲ್ಲಿರುತ್ತದೆ.