ಒಣಮೆಣಸಿನಕಾಯಿ: ಕಣದಲ್ಲಿ ಎಚ್ಚರವಿದ್ದರೆ ಪೇಟೆಯಲ್ಲಿ ಬೆಲೆ



ಮುಟುರು ರೋಗ ತಡೆದು, ನುಸಿಯ ಕಾಟ ನೀಗಿಸಿ, ಮಳೆ ಕೈಕೊಟ್ಟಾಗಲೂ ನೀವು ಉಳಿಸಿಕೊಂಡ ಮೆಣಸಿನ ಬೆಳೆ ಕಣದಲ್ಲಿ ನಾಲ್ಕು ದಿನದ ಅಲಕ್ಷ್ಯದಿಂದ ಹಾಳಾಗಬಹುದು. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲವಿರಲಿ, ಕೊಪ್ಪಳದ ಎರೆಭೂಮಿಯಿರಲಿ, ಗಂಗಾವತಿಯ ಕಾಲುವೆ ಬದಿಯ ಜಮೀನಿರಲಿ, ಈ ಮಾತು ಎಲ್ಲರಿಗೂ ಒಂದೇ.

ಬೂಷ್ಟಿನ ವಿಷ

100 ಕಿಲೋ ಹಣ್ಣುಗಾಯಿಯಲ್ಲಿ 65ರಿಂದ 80 ಕಿಲೋ ನೀರೇ ಇರುತ್ತದೆ. ಒಣಗಿದ ಕಾಯಿಯಲ್ಲಿ ತೇವಾಂಶ ಶೇ. 11ನ್ನು ಮೀರಬಾರದು. ಮೀರಿದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳಬಹುದು. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲ ವಿಷ. ಒಗ್ಗರಣೆಯ ಕಾವಿಗಾಗಲೀ ಸಾರಿನ ಕುದಿಗಾಗಲೀ ಇದು ಪೂರ್ತಿ ನಾಶವಾಗದು. ಬೂಷ್ಟು ಒರೆಸಿ ತೆಗೆದರೂ ವಿಷ ಕಾಯಿಯಲ್ಲೇ ಉಳಿಯುತ್ತದೆ. ಯುರೋಪಿನ ದೇಶಗಳು ಕಿಲೋಗೆ 10 ಮೈಕ್ರೊಗ್ರಾಂಗಿಂತ ಹೆಚ್ಚು ವಿಷವಿರುವ ಕಾಯಿಯನ್ನು ಒಪ್ಪುವುದಿಲ್ಲ. ಅಂದರೆ 100 ಟನ್ ಕಾಯಿಗೆ ಒಂದೇ ಗ್ರಾಂ!

ಒಣಗಿಸುವುದು ಹೇಗೆ?

ಪೂರ್ತಿ ಕೆಂಪಾದ ಕಾಯಿಯನ್ನೇ ಬಿಡಿಸಿರಿ. ಇಬ್ಬನಿ ಆರಿದ ಮೇಲೆ ಬಿಡಿಸುವುದು ಒಳ್ಳೆಯದು. ಕೀಟನಾಶಕ ಸಿಂಪಡಿಸಿದ್ದರೆ ಡಬ್ಬಿಯ ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯದೆ ಕಾಯಿಗೆ ಕೈಹಚ್ಚಬೇಡಿ. ನೆಲಕ್ಕೆ ಬಿದ್ದ, ಕೊಳೆತ, ಹುಳು ಕೊರೆದ ಕಾಯಿಯನ್ನು ಅಂದೇ ಬೇರೆ ಮಾಡಿರಿ.

ಬರಿಯ ಮಣ್ಣು, ಸಗಣಿ ಸಾರಿಸಿದ ನೆಲ, ಡಾಂಬರು ರಸ್ತೆ ಇವು ಒಣಗಿಸುವ ಜಾಗಗಳಲ್ಲ. ಸಿಮೆಂಟಿನ ಕಣ ಇಲ್ಲವೇ ಶುಚಿಯಾದ ತಾಡಪತ್ರಿಯ ಮೇಲೆ ತೆಳುವಾಗಿ ಹರವಿ, ದಿನಕ್ಕೆ ಹಲವು ಸಲ ತಿರುವಿರಿ. ಸಂಜೆ ರಾಶಿ ಮಾಡಿ ಮುಚ್ಚಿರಿ; ಬೆಳಗ್ಗೆ ಇಬ್ಬನಿ ಆರಿದ ಮೇಲೆ ಮತ್ತೆ ಹರವಿರಿ. ಕೋಳಿ, ನಾಯಿ, ದನಕರು ಸುಳಿಯದಂತೆ ನೋಡಿಕೊಳ್ಳಿರಿ. ಕಾಯಿ ಅಲುಗಾಡಿಸಿದರೆ ಒಳಗಿನ ಬೀಜ ಗಿಲಗಿಲ ಎನ್ನಬೇಕು. ತೇವಮಾಪಕದಲ್ಲಿ ನೋಡಿಕೊಂಡರೆ ಸಂಶಯವೇ ಉಳಿಯದು.

ನೀರು ಚಿಮುಕಿಸಿದರೆ ಲಾಭವೇ?

ಚೀಲ ತುಂಬುವಾಗ ಕಾಯಿ ಮುರಿಯದಿರಲೆಂದು, ತೂಕ ಬರಲೆಂದು ನೀರು ಚಿಮುಕಿಸುವವರಿದ್ದಾರೆ. ಲೆಕ್ಕ ಹಾಕಿ ನೋಡಿರಿ. ಶೇ. 11 ತೇವದ 100 ಕಿಲೋ ಕಾಯಿಯನ್ನು ಶೇ. 18ಕ್ಕೆ ಏರಿಸಿದರೆ ಸುಮಾರು ಎಂಟೂವರೆ ಕಿಲೋ ತೂಕ ಹೆಚ್ಚುತ್ತದೆ. ಆದರೆ ಚೀಲಕ್ಕೆ ಕೈಹಾಕಿದೊಡನೆ ಖರೀದಿದಾರನಿಗೆ ತೇವ ತಿಳಿಯುತ್ತದೆ. ಲಾಟಿಗೆ ಲಾಟೇ ಬೆಲೆ ಇಳಿಯುತ್ತದೆ. ಮಾರಾಟವಾಗದೆ ಉಳಿದರೆ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಕಾದ ಕಾಯಿಯನ್ನು ನೆರಳಲ್ಲಿ ಆರಿಸಿ ತುಂಬಿರಿ, ಮುರಿಯುವುದು ಕಡಿಮೆಯಾಗುತ್ತದೆ. ಹೊಸ ಚೀಲವನ್ನೇ ಬಳಸಿರಿ. ಗೊಬ್ಬರದ ಚೀಲ ಬೇಡವೇ ಬೇಡ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಒಟ್ಟಿರಿ.

ಪುಡಿ ಮಾಡುವವರಿಗೆ

ಖಾರದ ಪುಡಿ ಮಾಡಿ ಮಾರುವ ಸ್ತ್ರೀಶಕ್ತಿ ಸಂಘದ ತಾಯಂದಿರು ಬಣ್ಣ ಬೆರೆಸುವ ಯೋಚನೆಯನ್ನೇ ಮಾಡಬಾರದು. ಸುಡಾನ್ ಎಂಬ ನಿಷಿದ್ಧ ಬಣ್ಣ 2003ರಲ್ಲಿ ಭಾರತದ ಮೆಣಸಿನ ಪುಡಿಯಲ್ಲಿ ಸಿಕ್ಕಾಗ ಯುರೋಪು ಕಡ್ಡಾಯ ಪರೀಕ್ಷೆ ತಂದಿತು. 2005ರಲ್ಲಿ ಇದೇ ಬಣ್ಣದ ಕಾರಣ ಬ್ರಿಟನ್ನಿನಲ್ಲಿ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಕೆಲವರ ತಪ್ಪಿಗೆ ಎಲ್ಲರ ಮಾಲಿನ ಮೇಲೂ ಸಂಶಯ ಬಿತ್ತು.

ಕೊನೆಯ ಮಾತು

ಒಳ್ಳೆಯ ಕಾಯಿ ಪೇಟೆಗೆ, ಬಿಳಿಚಿದ ಕಪ್ಪುಕಲೆಯ ಕಾಯಿ ಮನೆಯ ಖಾರಕ್ಕೆ ಎಂಬುದು ಅನೇಕ ಮನೆಗಳ ರೂಢಿ. ವಿಷ ಹೆಚ್ಚಾಗಿ ಇರುವುದು ಅಂಥ ಕೆಟ್ಟ ಕಾಯಿಯಲ್ಲೇ. ಪುಡಿಯಾದ ಮೇಲೆ ಅದು ಕಣ್ಣಿಗೂ ಕಾಣದು. ಮಾರಲು ಯೋಗ್ಯವಲ್ಲದ್ದು ನಿಮ್ಮ ಮಕ್ಕಳ ತಟ್ಟೆಗೆ ಯೋಗ್ಯವಾದೀತೇ? ಬೂಷ್ಟು ಹಿಡಿದ ಕಾಯಿಯನ್ನು ಹೂತುಬಿಡಿರಿ, ದನಕ್ಕೂ ಹಾಕಬೇಡಿರಿ. ಹೆಚ್ಚಿನ ಸಲಹೆಗೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲೀ ಸಮೀಪದ ರೈತ ಸಂಪರ್ಕ ಕೇಂದ್ರವನ್ನಾಗಲೀ ಕಾಣಿರಿ.