ಮುಳ್ಳು ತೋರಿದ್ದೆಲ್ಲ ನೀರಲ್ಲ

ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿದರೆ ಮಕ್ಕಳ ಕಣ್ಣು ಮೊದಲು ಹೋಗುವುದು ಡ್ರೈವರ್ ಎದುರಿನ ದುಂಡು ಮೀಟರಿನ ಕಡೆಗೆ. ಮುಳ್ಳು ಮೇಲೇರಿದರೆ ಖುಷಿ, ಇಳಿದರೆ ಬೇಸರ. ಓದು ಬಾರದವರಿಗೂ ಅರ್ಥವಾಗುವ ಭಾಷೆ ಈ ಮುಳ್ಳಿನದು. ಪ್ರೆಷರ್ ನೋಡುವ ಡಾಕ್ಟರ ಉಪಕರಣದಲ್ಲಿ, ಪಂಕ್ಚರ್ ಅಂಗಡಿಯ ಗಾಳಿ ಮೀಟರಿನಲ್ಲಿ ಇರುವುದೂ ಅದೇ ಮುಳ್ಳು.

ನನ್ನ ತಂದೆ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮೀಟರ್ ಓದುವ ಮುನ್ನ ಅವರು ಅದರ ಗಾಜನ್ನು ಬೆರಳಿನಿಂದ ಎರಡು ಸಲ ಮೆಲ್ಲಗೆ ತಟ್ಟುತ್ತಿದ್ದರು. ‘ಯಾಕಪ್ಪಾ?’ ಎಂದು ಕೇಳಿದ್ದಕ್ಕೆ ‘ಮುಳ್ಳು ಸಿಕ್ಕಿಹಾಕಿಕೊಂಡಿದ್ದರೆ ಸುಳ್ಳು ಹೇಳುತ್ತೆ ಮಗಾ’ ಎಂದಿದ್ದರು. ಆ ಮಾತು ಮತ್ತೆ ನೆನಪಾದದ್ದು ಬಾಯ್ಲರಿನ ಮುಂದಲ್ಲ, ಶಾಲೆಯ ಕಂಪ್ಯೂಟರಿನ ಮುಂದೆ.

ಲೋಹದ ಮುಳ್ಳಿನಿಂದ ತೆರೆಯ ಮುಳ್ಳಿಗೆ

ಬಾಯ್ಲರಿನ ಆ ಮೀಟರಿಗೆ ಬೂರ್ಡನ್ ಮಾಪಕ ಎಂದು ಹೆಸರು. ಫ್ರಾನ್ಸಿನ ಯೂಜೀನ್ ಬೂರ್ಡನ್ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅದರೊಳಗೆ ಚಪ್ಪಟೆಯಾದ, ಬಾಗಿದ ಲೋಹದ ಕೊಳವೆಯೊಂದಿರುತ್ತದೆ. ಹಬೆಯ ಒತ್ತಡ ಹೆಚ್ಚಿದಂತೆ ಕೊಳವೆ ನೆಟ್ಟಗಾಗಲು ಹವಣಿಸುತ್ತದೆ. ಆ ಚೂರು ಚಲನೆಯನ್ನು ಹಲ್ಲುಚಕ್ರಗಳು ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ.

ಈಗ ಇದೇ ಮುಳ್ಳು ಕಂಪ್ಯೂಟರ್ ತೆರೆಯ ಮೇಲೂ ಬಂದಿದೆ. ಇದಕ್ಕೆ ಗೇಜ್ ಚಾರ್ಟ್ ಎನ್ನುತ್ತಾರೆ. ಇಲ್ಲಿ ಕೊಳವೆಯೂ ಇಲ್ಲ, ಹಲ್ಲುಚಕ್ರವೂ ಇಲ್ಲ. ಅವುಗಳ ಕೆಲಸ ಮಾಡುವುದು ಜಾವಾಸ್ಕ್ರಿಪ್ಟ್ ಭಾಷೆಯ ಕೆಲವು ಸಾಲುಗಳು. 1995ರಲ್ಲಿ ಬ್ರೆಂಡನ್ ಐಕ್ ರೂಪಿಸಿದ ಈ ಭಾಷೆ ಇಂದು ಪ್ರತಿಯೊಂದು ಬ್ರೌಸರಿನೊಳಗೂ ಇದೆ. ವೃತ್ತ, ಗೆರೆ, ಮುಳ್ಳು ಎಲ್ಲವನ್ನೂ ನಾವೇ ಬರೆಯುತ್ತ ಕೂರಬೇಕಾಗಿಲ್ಲ. ಸಿದ್ಧ ಲೈಬ್ರರಿಗಳಿವೆ. ಅಂಥದೊಂದು ಇ-ಚಾರ್ಟ್ಸ್. ಚೀನಾದ ಬೈದು ಕಂಪನಿಯಲ್ಲಿ ಹುಟ್ಟಿದ ಇದು 2018ರಲ್ಲಿ ಅಪಾಚೆ ಸಂಸ್ಥೆಯ ಆಶ್ರಯಕ್ಕೆ ಬಂತು. ಬಳಸಲು ದುಡ್ಡು ಕೊಡಬೇಕಿಲ್ಲ. ಶಾಲೆಗಳಿಗೆ ಅದೇ ದೊಡ್ಡ ಅನುಕೂಲ.

ಅಣೆಕಟ್ಟೆ ತುಂಬಿಬಿಟ್ಟಿತು!

2023 ಮಳೆ ಕೈಕೊಟ್ಟ ವರ್ಷ. ಕಾವೇರಿ ನೀರಿಗಾಗಿ ಸೆಪ್ಟೆಂಬರಿನಲ್ಲಿ ಬಂದ್‌ಗಳೇ ನಡೆದವು. ಆ ಸಲದ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೃಷ್ಣರಾಜಸಾಗರದ ನೀರಿನ ಮಟ್ಟ ತೋರಿಸುವ ಗೇಜ್ ಮಾಡುತ್ತೇನೆಂದು ಹೊರಟಳು. ಅವಳ ತಂದೆಯ ಗದ್ದೆ ಇರುವುದು ನಾಲೆಯ ಕೊನೆಯ ಭಾಗದಲ್ಲಿ. ಹಾಗಾಗಿ ಆ ಮುಳ್ಳು ಅವಳ ಪಾಲಿಗೆ ಬರೀ ಆಟದ ಸಾಮಾನಾಗಿರಲಿಲ್ಲ.

ಮೊದಲ ದಿನ ತೆರೆ ಖಾಲಿ. ಚಾರ್ಟ್ ಕೂರಬೇಕಾದ ಪೆಟ್ಟಿಗೆಗೆ ಎತ್ತರವನ್ನೇ ಕೊಟ್ಟಿರಲಿಲ್ಲ. ಎತ್ತರವಿಲ್ಲದ ಪೆಟ್ಟಿಗೆಯಲ್ಲಿ ಚಿತ್ರ ಕಾಣುವುದಾದರೂ ಹೇಗೆ? 400 ಪಿಕ್ಸೆಲ್ ಎತ್ತರ ಕೊಟ್ಟ ಕೂಡಲೇ ಗೇಜ್ ಮೂಡಿತು. ಅಂದಿನ ಮಟ್ಟ ನೂರು ಅಡಿಯ ಆಸುಪಾಸು. ಅವಳು 100 ಎಂದು ಬೆಲೆ ಕೊಟ್ಟಳು. ಮುಳ್ಳು ಸರ್ರನೆ ತಿರುಗಿ ಬಲತುದಿಗೆ ಹೋಗಿ ನಿಂತಿತು. ಅಂದರೆ ಅಣೆಕಟ್ಟೆ ಭರ್ತಿ!

ತಪ್ಪು ಎಲ್ಲಿ? ಯಾವ ಗೇಜಿಗೂ ಎರಡು ತುದಿ ಬೇಕು. ಕನಿಷ್ಠಕ್ಕೆ ‘ಮಿನ್’, ಗರಿಷ್ಠಕ್ಕೆ ‘ಮ್ಯಾಕ್ಸ್’. ನಾವು ಹೇಳದಿದ್ದರೆ ಲೈಬ್ರರಿ ತಾನೇ 0 ಮತ್ತು 100 ಎಂದು ಇಟ್ಟುಕೊಳ್ಳುತ್ತದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟವಾದರೋ 124.80 ಅಡಿ. ಮ್ಯಾಕ್ಸ್ ಎಂಬಲ್ಲಿ 124.8 ಎಂದು ಬರೆದಾಗ ಮುಳ್ಳು ಹಿಂದೆ ಸರಿಯಿತು.

ಎಷ್ಟು ಸರಿಯಿತು ಎಂಬುದನ್ನು ಲೆಕ್ಕ ಹಾಕಬಹುದು. ಗೇಜಿನ ಆರಂಭದ ಕೋನ 225 ಡಿಗ್ರಿ, ಕೊನೆಯ ಕೋನ ಮೈನಸ್ 45 ಡಿಗ್ರಿ. ಬಲಗಡೆಯ ಅಡ್ಡಗೆರೆಯನ್ನು ಸೊನ್ನೆ ಎಂದಿಟ್ಟುಕೊಂಡು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಎಣಿಸಬೇಕು. ನಿಮ್ಮ ರೇಖಾಗಣಿತದ ಪುಸ್ತಕದಲ್ಲಿರುವಂತೆಯೇ. ಒಟ್ಟು ತಿರುಗಾಟ 270 ಡಿಗ್ರಿ. ಹಳೆಯ ಒತ್ತಡಮಾಪಕಗಳ ಮುಳ್ಳೂ ಸಾಮಾನ್ಯವಾಗಿ ಇಷ್ಟೇ ತಿರುಗುತ್ತದೆ. 100ನ್ನು 124.8ರಿಂದ ಭಾಗಿಸಿ 270ರಿಂದ ಗುಣಿಸಿದರೆ ಸುಮಾರು 216 ಡಿಗ್ರಿ. 225ರಿಂದ ಅದನ್ನು ಕಳೆದರೆ ಉಳಿಯುವುದು 9. ಅಂದರೆ ಮುಳ್ಳು ಬಲಗಡೆಯ ಅಡ್ಡಗೆರೆಗಿಂತ ಚೂರೇ ಮೇಲೆ. ತ್ರೈರಾಶಿ ಕಲಿತ ಯಾವ ವಿದ್ಯಾರ್ಥಿಯಾದರೂ ಇದನ್ನು ಮಾಡಬಲ್ಲ.

ಇಡೀ ಪಟ್ಟಿ ಕೆಂಪು

ಮುಂದಿನದು ಬಣ್ಣ. ಕಡಿಮೆ ಇದ್ದಾಗ ಕೆಂಪು, ನಡುವೆ ಹಳದಿ, ಚೆನ್ನಾಗಿದ್ದಾಗ ಹಸಿರು. ಅವಳು 40 ಅಡಿಯವರೆಗೆ ಕೆಂಪು, 80ರವರೆಗೆ ಹಳದಿ, 124.8ರವರೆಗೆ ಹಸಿರು ಎಂದು ಬರೆದಳು. ನೋಡಿದರೆ ಪಟ್ಟಿ ಪೂರ್ತಿ ಕೆಂಪು!

ಇಲ್ಲೊಂದು ಸೂಕ್ಷ್ಮವಿದೆ. ಈ ಲೈಬ್ರರಿಯಲ್ಲಿ ಬಣ್ಣದ ಗಡಿಯನ್ನು ಅಡಿಯಲ್ಲಿ ಕೊಡುವಂತಿಲ್ಲ. ಸೊನ್ನೆಯಿಂದ ಒಂದರೊಳಗಿನ ಭಾಗವಾಗಿ ಕೊಡಬೇಕು. 0.3, 0.7, 1 ಹೀಗೆ. 40 ಎಂದರೆ ಅದು ಒಂದಕ್ಕಿಂತ ಹೆಚ್ಚಾದ್ದರಿಂದ ‘ಕೊನೆಯ ತನಕ’ ಎಂದೇ ತಿಳಿಯುತ್ತದೆ. ಮೊದಲ ಬಣ್ಣವೇ ಇಡೀ ಪಟ್ಟಿಯನ್ನು ನುಂಗಿದ್ದು ಹಾಗೆ. ತಿದ್ದಿದ ಮೇಲೆ ಮೂರು ಬಣ್ಣವೂ ಬಂದವು. ಮುಳ್ಳು ಹಸಿರಿನಲ್ಲಿ, ಶೇ 80ರಲ್ಲಿ ನಿಂತಿತು. ನಾನೂ ಭೇಷ್ ಎಂದೆ. ಅವಸರಪಟ್ಟು ಹೇಳಿದ ಮಾತು ಅದು.

ಸಂಜೆ ಮಗಳನ್ನು ಕರೆದೊಯ್ಯಲು ಬಂದ ತಂದೆ ತೆರೆಯನ್ನೇ ನೋಡುತ್ತ ನಿಂತರು. ಆಮೇಲೆ ಕೇಳಿದರು: ‘ಸಾರ್, ನೂರಕ್ಕೆ ಎಂಬತ್ತು ಭಾಗ ನೀರಿದೆ, ಹಸುರಿನಲ್ಲಿದೆ ಅಂತೀರಿ. ಹಾಗಾದರೆ ನಮ್ಮ ಬಯಲಿಗೆ ಯಾಕೆ ನೀರಿಲ್ಲ?’

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಆಲಿಕೆ ಹೇಳಿದ ಸತ್ಯ

ಮರುದಿನ ಪ್ರಯೋಗಶಾಲೆಯಿಂದ ಒಂದು ಆಲಿಕೆ ತಂದು ಅದರ ತೂತಿಗೆ ಮೇಣ ಮೆತ್ತಿದೆವು. ಶಂಕುವಿನ ಭಾಗ 10 ಸೆಂಟಿಮೀಟರ್ ಎತ್ತರವಿತ್ತು. 8 ಸೆಂಟಿಮೀಟರ್ ತನಕ ನೀರು ಹಾಕಿ, ಅದನ್ನು ಅಳತೆ ಜಾಡಿಗೆ ಸುರಿದು ನೋಡಿದೆವು. ಆಮೇಲೆ ಆಲಿಕೆ ಭರ್ತಿ ಮಾಡಿ ಅಳೆದೆವು. ಎತ್ತರ ಶೇ 80 ಆದರೂ ನೀರು ಅರ್ಧಕ್ಕಿಂತ ಚೂರೇ ಹೆಚ್ಚು! ಲೆಕ್ಕವೂ ಅದನ್ನೇ ಹೇಳುತ್ತದೆ. ಶಂಕುವಿನಲ್ಲಿ ಗಾತ್ರ ಎತ್ತರದ ಘನದಂತೆ ಏರುತ್ತದೆ. 0.8ರ ಘನ 0.512.

ಅಣೆಕಟ್ಟೆ ಎಂದರೆ ಸಿಮೆಂಟಿನ ತೊಟ್ಟಿಯಲ್ಲ, ನದಿಯ ಕಣಿವೆ. ತಳದಲ್ಲಿ ಕಿರಿದು, ಮೇಲೇರಿದಂತೆ ಅಗಲ. ಕೆಆರ್‌ಎಸ್‌ನ ಒಟ್ಟು ಸಾಮರ್ಥ್ಯ 49.45 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರ್. ಮಟ್ಟ 100 ಅಡಿ ಇದ್ದಾಗ ಸಂಗ್ರಹ ಈ ಸಾಮರ್ಥ್ಯದ ಅರ್ಧಕ್ಕಿಂತಲೂ ಕಡಿಮೆ. ಮೇಲಿನ ಸುಮಾರು 25 ಅಡಿಯಲ್ಲೇ ಅರ್ಧಕ್ಕಿಂತ ಹೆಚ್ಚು ನೀರು ಹಿಡಿಯುತ್ತದೆ! ಪತ್ರಿಕೆಗಳು ಮಟ್ಟದ ಜೊತೆಗೆ ಸಂಗ್ರಹವನ್ನೂ ಟಿಎಂಸಿಯಲ್ಲಿ ಅಚ್ಚು ಹಾಕುವುದು ಇದಕ್ಕೇ. ನಾವು ಮಾತ್ರ ಅಡಿಯನ್ನಷ್ಟೇ ಓದಿ ಸುಮ್ಮನಾಗುತ್ತೇವೆ.

ನಮ್ಮ ಗೇಜ್ ತಪ್ಪಾಗಿರಲಿಲ್ಲ. ನೀರಿನ ಎತ್ತರವನ್ನು ಸರಿಯಾಗಿಯೇ ತೋರಿಸುತ್ತಿತ್ತು. ಆದರೆ ರೈತ ಕೇಳುತ್ತಿದ್ದುದು ನೀರೆಷ್ಟು ಎಂದು, ನಾವು ಹೇಳುತ್ತಿದ್ದುದು ಎತ್ತರವೆಷ್ಟು ಎಂದು. ಕೇಳಿದ್ದೊಂದು, ಹೇಳಿದ್ದೊಂದು.

ಎರಡು ಮುಳ್ಳು, ಒಂದು ತಾರೀಖು

ಹುಡುಗಿ ಅಳಲಿಲ್ಲ, ಕೆಲಸ ಬಿಡಲೂ ಇಲ್ಲ. ಪಕ್ಕದಲ್ಲೇ ಇನ್ನೊಂದು ಗೇಜ್ ಕೂರಿಸಿದಳು. ಅದರ ಮ್ಯಾಕ್ಸ್ 49.45; ಬೆಲೆ, ಅಂದಿನ ಪತ್ರಿಕೆಯಲ್ಲಿದ್ದ ಟಿಎಂಸಿ ಅಂಕಿ. ಮೊದಲನೆಯ ಮುಳ್ಳು ಬಲಕ್ಕೆ ವಾಲಿದ್ದರೆ, ಎರಡನೆಯದು ಹನ್ನೆರಡು ಗಂಟೆಯ ಸ್ಥಾನವನ್ನೂ ಮುಟ್ಟದೆ ಎಡಗಡೆಯೇ ನಿಂತಿತ್ತು, ಹಳದಿ ಪಟ್ಟಿಯಲ್ಲಿ. ಒಂದೇ ದಿನ, ಒಂದೇ ಅಣೆಕಟ್ಟೆ!

ನಾನು ಇನ್ನೊಂದು ಸೇರಿಸಲು ಹೇಳಿದೆ. ಲೋಹದ ಮುಳ್ಳು ತುಕ್ಕಿನಿಂದ ಸಿಕ್ಕಿಹಾಕಿಕೊಂಡರೆ, ತೆರೆಯ ಮುಳ್ಳು ಹಳೆಯ ಅಂಕಿಯಿಂದ ಸಿಕ್ಕಿಹಾಕಿಕೊಳ್ಳುತ್ತದೆ. ನಿನ್ನೆಯ ಅಂಕಿ ಕೊಟ್ಟರೂ ಅದು ಅಷ್ಟೇ ಠೀವಿಯಿಂದ ನಿಂತಿರುತ್ತದೆ. ಆದ್ದರಿಂದ ಗೇಜಿನ ಕೆಳಗೆ ತಾರೀಖು, ವೇಳೆ ಇರಲೇಬೇಕು. ಗಾಜು ತಟ್ಟುವುದೆಂದರೆ ಈಗ ಇದೇ.

ಮನೆಯಲ್ಲಿ ಪ್ರಯತ್ನಿಸುವ ವಿದ್ಯಾರ್ಥಿಗಳಿಗೆ ಒಂದೆರಡು ಕಿವಿಮಾತು. ‘ಸ್ಟಾರ್ಟ್‌ಆ್ಯಂಗಲ್’, ‘ಸ್ಪ್ಲಿಟ್‌ನಂಬರ್’ ಮುಂತಾದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ, ನಡುವೆ ಜಾಗ ಬಿಡದೆ, ಎರಡನೆಯ ಪದದ ಮೊದಲಕ್ಷರ ದೊಡ್ಡದಾಗಿರುವಂತೆ ಬರೆಯಬೇಕು. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಲೈಬ್ರರಿ ಆ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮಾಪಕವನ್ನು ಎಷ್ಟು ಭಾಗ ಮಾಡಬೇಕೆಂದು ಹೇಳುವುದು ಸ್ಪ್ಲಿಟ್‌ನಂಬರ್, ಹೇಳದಿದ್ದರೆ ಹತ್ತು. 124.8ನ್ನು ಹತ್ತು ಭಾಗ ಮಾಡಿದರೆ 12.48, 24.96 ಎಂಬ ವಿಚಿತ್ರ ಅಂಕಿಗಳು ಬರುತ್ತವೆ, ಗಾಬರಿಯಾಗಬೇಡಿ. ಇನ್ನೊಂದು ಮಾತು: ಗೇಜ್ ತೋರಿಸುವುದು ಈ ಕ್ಷಣದ ಒಂದೇ ಅಂಕಿಯನ್ನು. ಮಟ್ಟ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಬೇಕಾದರೆ ರೇಖಾನಕ್ಷೆಯೇ ಸರಿ.

ತಂದೆತಾಯಂದಿರಿಗೂ ಒಂದು ಮಾತು. ಟಿವಿಯಲ್ಲೋ ಮೊಬೈಲಿನಲ್ಲೋ ಮುಳ್ಳು ಕಂಡಾಗ ಮಕ್ಕಳೊಡನೆ ಕೂತು ಮೂರು ಪ್ರಶ್ನೆ ಕೇಳಿ. ಎರಡು ತುದಿಯಲ್ಲಿ ಯಾವ ಅಂಕಿಗಳಿವೆ? ಅಳೆಯುತ್ತಿರುವುದು ಏನನ್ನು? ಅಂಕಿ ಯಾವಾಗಿನದು? ಕನಿಷ್ಠವನ್ನು ಸೊನ್ನೆಯ ಬದಲು 60 ಅಡಿ ಎಂದಿಟ್ಟರೆ, ಅದೇ ನೂರು ಅಡಿಯ ನೀರು ಶೇ 62ಕ್ಕೆ ಇಳಿಯುತ್ತದೆ. ನೀರು ಒಂದು ಹನಿಯೂ ಕಡಿಮೆಯಾಗಿರುವುದಿಲ್ಲ!

ಪ್ರದರ್ಶನದ ದಿನ ಅವಳ ತಂದೆ ಮತ್ತೆ ಬಂದಿದ್ದರು. ಮಗಳು ಆಲಿಕೆ ಹಿಡಿದು ವಿವರಿಸಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಎರಡನೆಯ ಮುಳ್ಳಿನ ಮೇಲೆ ಬೆರಳಿಟ್ಟು, ‘ಇದು ನಿಜ ಹೇಳ್ತದೆ’ ಎಂದರು. ಆ ಸಲ ಬತ್ತದ ಬದಲು ರಾಗಿ ಹಾಕುವುದೆಂದು ಮನೆಯಲ್ಲಿ ಮಾತಾಯಿತಂತೆ. ಬಹುಮಾನ ಬೇರೆ ಮಾದರಿಗೆ ಹೋಯಿತು. ಹುಡುಗಿ ಅದಕ್ಕೆ ಬೇಸರಪಟ್ಟಂತೆ ಕಾಣಲಿಲ್ಲ.