ಅಬ್ಜೆಕ್ಷನ್ ಮತ್ತು ಆಕ್ಷೇಪ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಗ್ಲಿಷಿನ ಗಂಧವಿಲ್ಲದವರ ಬಾಯಲ್ಲಿಯೂ ‘ಅಬ್ಜೆಕ್ಷನ್’ ಎಂಬ ಶಬ್ದ ನಲಿದಾಡುತ್ತದೆ. ಬೆಂಗಳೂರು ಬೆಳೆದು ಭೂಮಿಗೆ ಬೆಲೆ ಬಂದಂತೆಲ್ಲ ಈ ಶಬ್ದದ ಬಳಕೆಯೂ ಬೆಳೆದಿದೆ. “ಖಾತೆಗೆ ದಾಯಾದಿ ಅಬ್ಜೆಕ್ಷನ್ ಹಾಕಿದ್ದಾನೆ” ಎನ್ನುತ್ತಾರೆ. ಇಲ್ಲಿನ ‘ಹಾಕು’ ಎಂಬ ಕ್ರಿಯಾಪದವನ್ನು ವಾಚಕರು ಗಮನಿಸಬೇಕು. ಆ ಶಬ್ದದ ಲ್ಯಾಟಿನ್ ಮೂಲಕ್ಕೆ ‘ಎದುರಿಗೆ ಎಸೆ’ ಎಂದೇ ಅರ್ಥ. ನಮ್ಮ ‘ಆಕ್ಷೇಪ’ದಲ್ಲಿರುವ ಕ್ಷಿಪ್ ಧಾತುವಿಗೂ ಎಸೆಯುವುದೆಂಬುದೇ ಅರ್ಥ. ಅರಬ್ಬಿಯಿಂದ ಬಂದ ‘ತಕರಾರು’ ಮಾತ್ರ ಮೂಲದಲ್ಲಿ ಪುನರಾವೃತ್ತಿಯನ್ನು ಹೇಳುವ ಶಬ್ದ. ಕಚೇರಿಗಳಿಗೆ ಅಲೆದವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ! ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬಂದ ದರ ಒಪ್ಪದ ರೈತನಿಗೆ ಇವು ಯಾವುವೂ ಬೇಡ; “ಗಿಟ್ಟೋದಿಲ್ಲ” ಎಂದರೆ ಮುಗಿಯಿತು.

ಕಾವ್ಯಮೀಮಾಂಸೆಯಲ್ಲಿ ಆಕ್ಷೇಪವೆಂಬುದು ಒಂದು ಅಲಂಕಾರ. ‘ಕಾವ್ಯಾದರ್ಶ’ದಲ್ಲಿ ದಂಡಿ ಅದರ ಹಲವು ಭೇದಗಳನ್ನು ವಿಸ್ತರಿಸಿದ್ದಾನೆ. ಅವನ ಉದಾಹರಣೆಗಳಲ್ಲಿ ಅನೇಕವು ಪರದೇಶಕ್ಕೆ ಹೊರಟ ಪ್ರಿಯನನ್ನು ತಡೆಯುವ ನಾಯಿಕೆಯ ಮಾತುಗಳು. ಆಕೆ ಹೋಗಬೇಡವೆನ್ನುವುದಿಲ್ಲ, ಹೋಗೆಂದು ಅನುಮತಿಯನ್ನೇ ಕೊಡುತ್ತಾಳೆ, ಹರಸುತ್ತಾಳೆ. ಆದರೆ ಆ ಹರಕೆಯನ್ನು ಕೇಳಿದವನು ಹೊಸ್ತಿಲು ದಾಟಲಾರ. ಈ ಭಾಗವನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ.

ಕಾನೂನಿಗೆ ಈ ಅಲಂಕಾರದ ಪರಿಚಯವಿಲ್ಲ. ಹಾಗೆಂದು ಅದು ನಿರ್ದಯವಾದುದೆಂದೂ ಹೇಳಲಾಗದು. 1964ರ ಭೂಕಂದಾಯ ಅಧಿನಿಯಮದ 129ನೆಯ ಕಲಮಿನಂತೆ ಹಕ್ಕು ಬದಲಾವಣೆಗೆ ಬರಹದಲ್ಲಿಯೇ ಆಗಲಿ, ಬಾಯಿಮಾತಿನಲ್ಲಿಯೇ ಆಗಲಿ ಆಕ್ಷೇಪಣೆ ಬಂದರೆ ಅಧಿಕಾರಿ ಅದನ್ನು ತಕರಾರು ಪ್ರಕರಣಗಳ ವಹಿಯಲ್ಲಿ ದಾಖಲಿಸಲೇಬೇಕು. ಆದರೆ ಅನುಮತಿಯ ವೇಷ ತೊಟ್ಟು ಬಂದ ಆಕ್ಷೇಪಕ್ಕೆ ಆ ವಹಿಯಲ್ಲಿ ಯಾವ ಅಂಕಣವಿದೆ?

ನಮ್ಮ ತಂದೆ ತೀರಿಕೊಂಡ ಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಅಕ್ಕ ಬಂದಿದ್ದಳು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರ ಕೇಂದ್ರ ತಿದ್ದುಪಡಿ ಹೇಳಿತ್ತು. ಅದು ನನಗೆ ತಿಳಿಯದುದೇನಲ್ಲ. ಪತ್ರ ಬರೆದವರು ವಾಡಿಕೆಯಂತೆ, “ಅಬ್ಜೆಕ್ಷನ್ ಏನೂ ಇಲ್ಲವಲ್ಲಮ್ಮ?” ಎಂದು ಕೇಳಿದರು.

“ನಂದೇನೈತೆ ಸ್ವಾಮಿ, ತಮ್ಮಂದಿರು ಚೆನ್ನಾಗಿರಲಿ. ತೌರಿನ ಬಾಗಿಲು ತೆರೆದಿದ್ದರೆ ಸಾಕು” ಎಂದಳು ಅಕ್ಕ.

ಎಲ್ಲರೂ ಸಮಾಧಾನದಿಂದ ನಕ್ಕೆವು. ಲೇಖನಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟವನು ನಾನೇ.

ಕಳೆದ ತಿಂಗಳು ತರಗತಿಯಲ್ಲಿ ಅದೇ ನಾಯಿಕೆಯ ಮಾತನ್ನು ವಿವರಿಸುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ಅವನಿಗೆ ಅರ್ಥವೇ ಆಗದಿದ್ದರೆ?” ಎಂದು ಕೇಳಿದಳು. ಗಂಟೆ ಹೊಡೆಯುವವರೆಗೂ ನಾನು ಕಪ್ಪುಹಲಗೆಯ ಕಡೆಗೆ ತಿರುಗಿ ಏನನ್ನೋ ಬರೆಯುತ್ತಿದ್ದೆ.

ಈ ಸಲ ಗೌರಿಹಬ್ಬದ ಬಾಗಿನದೊಡನೆ ಆ ಪತ್ರದ ನಕಲನ್ನೂ ಒಯ್ಯುವವನಿದ್ದೇನೆ. “ಅಕ್ಕ, ಅವತ್ತು ನಿನಗೆ ಒಪ್ಪಿಗೆ ಇತ್ತೇ?” ಎಂದು ಕೇಳಬೇಕು. ಮತ್ತೆ ಅವಳು ತೌರಿನ ಬಾಗಿಲಿನ ಮಾತನ್ನೇ ತೆಗೆದರೆ, ಎದ್ದು ಬರದೆ ಅಲ್ಲಿಯೇ ಕುಳಿತಿರಬೇಕೆಂದುಕೊಂಡಿದ್ದೇನೆ.